ಮೂರು ತೂತಿನ ಮಡಕೆ

ಭಾನುವಾರ ಬೆಳಗ್ಗೆ ಏಳು ಗಂಟೆ ನಲವತ್ತು ನಿಮಿಷ. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಆ ಕ್ಷಣದಲ್ಲಿ ನಾನು ಫೋಟೋ ತೆಗೆಯುತ್ತಿದ್ದೆ. ಫೋನು ಚಿತ್ರದ ಜೊತೆ ಗಂಟೆಯನ್ನೂ ಬರೆದಿಟ್ಟುಕೊಳ್ಳುತ್ತದೆ. ಚಿತ್ರದಲ್ಲಿ ನಮ್ಮ ಬಾಲ್ಕನಿಯ ಕಟ್ಟೆಯಿದೆ, ಕಟ್ಟೆಯ ಮೇಲೆ ಒದ್ದೆಯಾದ ಬಟ್ಟೆಯ ಸಿಂಬಿಯಿದೆ. ಸಿಂಬಿಯ ಮೇಲೆ ಇರಬೇಕಾಗಿದ್ದ ಮಡಕೆ ಇಲ್ಲ.

ಮಂಡ್ಯದಲ್ಲಿ ನಮ್ಮದು ಎರಡನೇ ಮಹಡಿಯ ಸಣ್ಣ ಮನೆ. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸ್ಟ್ಯಾಂಡು ಬಿಚ್ಚಿದರೆ ಮನುಷ್ಯರು ಒಳಗೆ ಬರಬೇಕು. ಇಂಥ ಮನೆಯಲ್ಲೂ ಗಿಡ ಇಟ್ಟು ಚೆಂದ ಕಾಣಿಸಬಹುದು ಎಂದು ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ನಂಬಿದ್ದು ನನ್ನ ಮೊದಲ ತಪ್ಪು. ಕುಂಡಗಳು ಮೂರೋ ಐದೋ ಇರಬೇಕಂತೆ, ಒಂದರ ಎತ್ತರ ಇನ್ನೊಂದಕ್ಕೆ ಇರಬಾರದಂತೆ, ಬಣ್ಣ ಪರದೆಗೆ ಹೊಂದಬೇಕಂತೆ. "ಗೋಡೆ ಸುಣ್ಣ ಬಿಟ್ಟು ಎರಡು ವರ್ಷ ಆಯ್ತು. ಕುಂಡಕ್ಕೆ ಮಾತ್ರ ಮ್ಯಾಚಿಂಗ್ ಬೇಕು ಇವರಿಗೆ," ಎಂದಳು ಹೆಂಡತಿ ವೀಣಾ. ನಾನು ತಂದ ಬಿಳಿ ಪಿಂಗಾಣಿ ಕುಂಡಗಳು ನೋಡಲು ರಾಜಕುಮಾರರ ಹಾಗಿದ್ದವು, ತಳದಲ್ಲಿ ತೂತಿರಲಿಲ್ಲ. ನೀರು ನಿಂತು ಮೂರು ಮನಿ ಪ್ಲಾಂಟುಗಳು ಬೇರು ಕೊಳೆತು ಸತ್ತವು. ಯಾರ ಕೈಲೂ ಸಾಯದ ಗಿಡ ಅದು ಎಂದು ಆಮೇಲೆ ತಿಳಿಯಿತು.

ಹಾಗಾಗಿ ಮಣ್ಣಿನದೇ ಸರಿ ಎಂದುಕೊಂಡು ಮಳವಳ್ಳಿ ಸಂತೆಗೆ ಹೋದಾಗ ದುಂಡನೆಯ ಒಂದು ಮಡಕೆ ಎತ್ತಿಕೊಂಡೆ. ಮಾರುತ್ತಿದ್ದ ಹೆಂಗಸು ಕೇಳಿದಳು, "ಸಾರು ಮಾಡಕ್ಕಾ ಸಾಮಿ?"

"ಇಲ್ಲಮ್ಮ, ಗಿಡ ಇಡೋಕೆ."

"ಗಿಡಕ್ಕೆ ಕುಂಡ ಅವೆ ಇಲ್ಲಿ."

"ಇದರ ದುಂಡು ಚೆಂದ."

ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ತಗಂಡೋಗಿ. ತೂತ ಮಾತ್ರ ಒಡೀಬ್ಯಾಡಿ."

ಮಡಕೆ ಬಿರುಕು ಬಿಟ್ಟೀತೆಂಬ ಕಾಳಜಿ ಎಂದುಕೊಂಡೆ. ಮನೆಗೆ ಬಂದು ಬಹಳ ಜೋಪಾನವಾಗಿ, ಬಿರುಕು ಬಿಡದಂತೆ, ಮೊಳೆಯಿಂದ ಮೂರು ತೂತು ಹೊಡೆದೆ. ದುಂಡು ತಳ ನಿಲ್ಲುವುದಿಲ್ಲವಲ್ಲ, ಹಳೇ ಟವೆಲಿನಲ್ಲಿ ಸಿಂಬಿ ಸುತ್ತಿ, ಮಡಕೆಯನ್ನು ಬಾಲ್ಕನಿ ಕಟ್ಟೆಯ ಮೇಲೆ, ಖಾಲಿಯಾಗಿದ್ದ ಎರಡು ಪಿಂಗಾಣಿ ಕುಂಡಗಳ ಪಕ್ಕ ಕೂರಿಸಿದೆ. "ಬೀಳಲ್ವೇನ್ರೀ ಅದು?" ಎಂದಳು ವೀಣಾ. ನಾನು ಮದ್ದೂರಿನ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವವನು. ಗುರುತ್ವ ಕೇಂದ್ರದ ಬಗ್ಗೆ ಅವಳಿಗೆ ಹತ್ತು ನಿಮಿಷ ವಿವರಿಸಿದೆ.

ಭಾನುವಾರ, ಗಿಡ ನೆಡುವ ಮೊದಲು ತೂತು ಪರೀಕ್ಷಿಸಲೆಂದು ತುಂಬ ನೀರು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ಫೋನು ಎತ್ತಿದೆ. ಒದ್ದೆ ಸಿಂಬಿ ಜಾರಿತು. ಕೆಳಗೆ ನೆಲಮಹಡಿಯ ಬೋರೇಗೌಡರು ಹಾಲಿನ ಪ್ಯಾಕೆಟ್ ಹಿಡಿದು ಗೇಟಿನಿಂದ ಒಳಗೆ ಬರುತ್ತಿದ್ದರು. ಮಡಕೆ ಅವರ ಬೆನ್ನ ಹಿಂದೆ ಒಂದು ಗೇಣು ದೂರದಲ್ಲಿ ಬಿದ್ದು ಚೂರಾಯಿತು. ನೀರು ಅವರ ಹಿಮ್ಮಡಿಯವರೆಗೆ ಹರಿಯಿತು.

ಗೌಡರು ನಿಂತರು. ತಿರುಗಲಿಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಹಿಂದೆ ನೋಡದೇ ಕೇಳಿದರು, "ಯಾವನ್ಲಾ ಅದು?"

"ನಾನು ಗೌಡ್ರೇ, ಮೇಲ್ಗಡೆ ಮನೆ. ಕುಂಡ ಜಾರಿಬಿಡ್ತು."

"ಕುಂಡ್ವಾ, ಮಡಕೆಯಾ ಮೇಷ್ಟ್ರೇ?"

"ಮಡಕೆ."

"ತೂತ ಅವೆಯಾ?"

"ಮೂರಿವೆ."

ಗೌಡರು ತಲೆ ಆಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಗ ನನಗೆ ಹೊಳೆಯಿತು. ಸತ್ತವರ ಮಗ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಸುತ್ತುತ್ತಾನೆ, ಸುತ್ತಿಗೊಂದರಂತೆ ಮೂರು ತೂತು, ಕೊನೆಗೆ ಮಡಕೆಯನ್ನು ಬೆನ್ನ ಹಿಂದೆ ಬಿಟ್ಟು, ತಿರುಗಿ ನೋಡದೆ ಹೋಗುತ್ತಾನೆ. ನಮ್ಮ ತಂದೆಗೆ ನಾನೇ ಮಾಡಿದ್ದೆ. ಬದುಕಿರುವ ಮನುಷ್ಯನಿಗೆ ಕ್ರಮವಾಗಿ, ಒಂದೂ ತಪ್ಪದಂತೆ, ಅದನ್ನು ಮಾಡಿ ಮುಗಿಸಿದ್ದೆ. ಫೋಟೋ ಸಮೇತ.

ಅಂದಿನಿಂದ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಮಡಕೆ ಜಾರುತ್ತದೆ. ಎರಡನೇ ಮಹಡಿಯಿಂದ ನೆಲಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಗೌಡರು ಚಿಲ್ಲರೆ ಎಣಿಸಲು ಗೇಟಿನ ಬಳಿ ಒಂದು ಸೆಕೆಂಡು ನಿಂತಿದ್ದರೆ? ಚಪ್ಪಲಿ ಜಾರಿ ಒಂದು ಹೆಜ್ಜೆ ತಡವಾಗಿದ್ದರೆ? ತರಗತಿಯಲ್ಲಿ ಮುಕ್ತವಾಗಿ ಬೀಳುವ ವಸ್ತುಗಳ ಪಾಠ ಬಂತು. "ಇದನ್ನು ಮನೆಯಲ್ಲೇ ಓದಿಕೊಳ್ಳಿ" ಎಂದುಬಿಟ್ಟೆ. ಕ್ಷಮೆ ಕೇಳಲು ಮೂರು ಸಲ ಕೆಳಗಿಳಿದೆ. ಗೌಡರ ಹೆಂಡತಿ ಜಯಮ್ಮ ಬಾಗಿಲಲ್ಲೇ ನಿಂತು, "ಅವ್ರು ಯೋಚ್ನೆ ಮಾಡ್ತಾವ್ರೆ ಕಣಪ್ಪ, ಆಮೇಕೆ ಬಾ," ಎನ್ನುತ್ತಿದ್ದರು. ಏನು ಯೋಚನೆ ಎಂದು ಕೇಳುವ ಧೈರ್ಯವಿರಲಿಲ್ಲ. ಎಪ್ಪತ್ತು ದಾಟಿದ ಜೀವ. ಅಪಶಕುನವೆಂದು ಎದೆಗೆ ಹಚ್ಚಿಕೊಂಡು ಏನಾದರೂ ಆದರೆ? ಬೆಳಗಿನ ಜಾವ ಕೆಳಗಿನಿಂದ ಅವರ ಕೆಮ್ಮು ಕೇಳಿದರೆ ನನಗೆ ಹಬ್ಬ.

ಹನ್ನೊಂದನೇ ದಿನ ಸಂಜೆ ಕಾಲೇಜಿನಿಂದ ಬರುವಾಗ ಗೌಡರೇ ಗೇಟಿನಲ್ಲಿ ನಿಂತಿದ್ದರು. "ಮೇಷ್ಟ್ರೇ, ಎಂಡ್ರನ್ನೂ ಕರ್ಕಂಡು ಊಟಕ್ಕೆ ಬನ್ನಿ."

"ಏನು ವಿಶೇಷ ಗೌಡ್ರೇ?"

"ನನ್ ತಿಥಿ."

ಮುದ್ದೆ, ನಾಟಿ ಕೋಳಿ ಸಾರು. ಒಂದು ತುತ್ತು ನುಂಗಿದೆ. ಎಲೆಯ ಮುಂದೆಯೇ ತಪ್ಪಾಯಿತೆಂದು ಕೈ ಮುಗಿದೆ.

"ಎಂಜಲು ಕೈಯಲ್ಲಿ ಮುಗೀಬ್ಯಾಡ, ಉಣ್ಣು," ಎಂದರು ಗೌಡರು. "ನೋಡಪ್ಪ, ನಮ್ಗೆ ಮಕ್ಳಿಲ್ಲ. ನಾನು ಓದ್ಮೇಕೆ ಮಡಕೆ ಒಡೆಯೋರ್ಯಾರು ಅಂತ ಇಪ್ಪತ್ತೊರ್ಸದಿಂದ ತಲೆ ಕೆಡಿಸ್ಕಂಡಿದ್ದೆ. ಆತಗೂರಲ್ಲಿ ನಮ್ಮಣ್ಣನ ಮಗನ್ನ ಕೇಳ್ದೆ. ಅವ್ನು, ಮೊದ್ಲು ಗದ್ದೆ ಬರ್ಕೊಡು ಅಂದ. ನೀನು ಏನೂ ಕೇಳ್ದೇ ಒಡ್ದ್ಬುಟ್ಟೆ."

"ಅದು ಕೈತಪ್ಪಿ ಆದದ್ದು ಗೌಡ್ರೇ."

"ಮಕ್ಳು ಉಟ್ಟೋದೂ ಅಂಗೇ ಕಣ್ಲಾ."

ಜಯಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಅದೇ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗೌಡರು ನನ್ನ ಎಲೆಗೆ ಇನ್ನೊಂದು ಮುದ್ದೆ ಇಟ್ಟರು. ಅಷ್ಟು ಹೊತ್ತಿಗೆ 'ಮೇಷ್ಟ್ರೇ' ಹೋಗಿ 'ಲಾ' ಬಂದಿದ್ದನ್ನು ನಾನು ಗಮನಿಸಿದ್ದೆ. "ಕಟ್ಟೆ ಮ್ಯಾಲೆ ಉಳ್ದಿರೋವ್ನ ನಾಳೆ ಇಳಿಸ್ಬುಡು," ಎಂದರು. "ಒಂದ್ ಸಲ ಒಡುದ್ರೆ ಮಗ. ಎರಡ್ನೇ ಸಲ ಒಡುದ್ರೆ ಕೊಲೆಗಾರ."

ಅಂದು ಮಲಗಿದವನಿಗೆ ಮಡಕೆ ಜಾರಲಿಲ್ಲ, ಸೆಕೆಂಡುಗಳ ಲೆಕ್ಕವೂ ಬರಲಿಲ್ಲ. ಹನ್ನೊಂದು ದಿನಗಳಲ್ಲಿ ಮೊದಲ ಬಾರಿಗೆ ಬೆಳಗಿನವರೆಗೆ ನಿದ್ದೆ ಮಾಡಿದೆ. ಎಚ್ಚರವಾದದ್ದು ಕೆಳಗಿನ ಕೂಗಿಗೆ: "ಮಗಾ, ಮಂಡಿ ನೋಯ್ತದೆ, ಓಗಿ ಹಾಲು ತಂದ್ಬುಡು." ಮದ್ದೂರಿನ ಬಸ್ಸು ಹೋಗಿ ಆಗಿತ್ತು. ಹಾಲಿನ ಪ್ಯಾಕೆಟ್ ಹಿಡಿದು ಗೇಟಿನೊಳಗೆ ಬರುವಾಗ ಗಡಿಯಾರ ನೋಡಿಕೊಂಡೆ, ಏಳು ನಲವತ್ತು. ಮೇಲೆ ನನ್ನದೇ ಬಾಲ್ಕನಿಯ ಕಟ್ಟೆಯ ಮೇಲೆ, ನಾನಿನ್ನೂ ಇಳಿಸಿರದ ಎರಡು ಪಿಂಗಾಣಿ ಕುಂಡಗಳು, ಪರದೆಗೆ ಬಹಳ ಚೆನ್ನಾಗಿ ಹೊಂದಿಕೊಂಡು, ನನ್ನ ತಲೆಯನ್ನೇ ನೋಡುತ್ತಿದ್ದವು.