ಮಾವನಿಗೆ ಎಂಟು ಭಾಷೆ ಬರುತ್ತದೆ

ನನ್ನ ಸೋದರಮಾವನಿಗೆ ಎಂಟು ಭಾಷೆ ಬರುತ್ತದೆ! ಹಾಗಂತ ಅವರೇ ಹೇಳುತ್ತಾರೆ. ಅಲ್ ಕುಸೈಸಿನ ತಮ್ಮ ಫ್ಲ್ಯಾಟಿನಲ್ಲಿ ಒಂದು ರೂಮು ಕೊಟ್ಟು ನನ್ನನ್ನು ಸಾಕುತ್ತಿರುವವರು ಹೇಳಿದ ಮೇಲೆ ನಾನು ಇಲ್ಲವೆನ್ನಲಾದೀತೇ? ತುಳು, ಕನ್ನಡ ಉಡುಪಿಯಿಂದ ತಂದದ್ದು. ಹಿಂದಿ, ಇಂಗ್ಲಿಷು ದುಬೈಯಲ್ಲಿ ಹೊಟ್ಟೆಪಾಡಿಗೆ ಕಲಿತದ್ದು. ಉಳಿದ ತಮಿಳು, ಮಲಯಾಳ, ತೆಲುಗು, ಕೊಂಕಣಿಗಳಲ್ಲಿ ಅವರಿಗೆ ಬರುವುದು ಒಂದೇ ಒಂದು ವಾಕ್ಯ: "ಹೋಗಿ ಬರ್ತೇನೆ."

ಹೊರಡುವಾಗ "ಹೋಗ್ತೇನೆ" ಅನ್ನಬಾರದು, ಅಪಶಕುನ ಎನ್ನುವುದು ನಮ್ಮಲ್ಲಿ ಎಲ್ಲರೂ ಬಲ್ಲ ಮಾತೇ. ಮಾವನದು ಅತಿ. ಕಸದ ಚೀಲ ಹಿಡಿದು ಹೊರಟವನೂ ಅವರಿಗೆ ಹೋಗಿ ಬರ್ತೇನೆ ಅನ್ನಬೇಕು! ಕೆಳಗಿನ ಗ್ರೋಸರಿಯ ಮಲಯಾಳಿಗೆ ಅವರು "ಪೋಯಿಟ್ಟು ವರಾಂ" ಅನ್ನುತ್ತಾರೆ, ಮೂರನೆಯ ಮಹಡಿಯ ಕೊಂಕಣಿ ಬಾಯಮ್ಮನಿಗೆ "ವಚುನ್ ಯೆತಾಂ", ತೆಲುಗಿನ ವಾಚ್‌ಮನ್‌ಗೆ "ವೆಳ್ಳೊಸ್ತಾನು".

ಇದು ಹಿಂದಿಗೆ ದಾಟಿದಾಗ ಎಡವಟ್ಟಾಯಿತು. ಒಮ್ಮೆ ಬರ್ ದುಬೈಯಿಂದ ಟ್ಯಾಕ್ಸಿಯಲ್ಲಿ ಬಂದಿಳಿದವರು, ದುಡ್ಡು ಕೊಟ್ಟು, ಪೇಶಾವರದ ಡ್ರೈವರನಿಗೆ ವಿನಯದಿಂದ "ಜಾಕೆ ಆತಾ ಹೂಂ" ಅಂದರು. ಮೇಲೆ ಬಂದು ಸ್ನಾನ ಮಾಡಿ ಊಟಕ್ಕೆ ಕೂತರು. ಅಷ್ಟರಲ್ಲಿ ವಾಚ್‌ಮನ್‌ನ ಫೋನು: ಕೆಳಗೆ ಟ್ಯಾಕ್ಸಿ ಕಾಯುತ್ತಿದೆ, ಮೀಟರ್ ಓಡುತ್ತಿದೆ! ಎದ್ದುಬಿದ್ದು ಇಳಿದೆವು. "ಆಪ್ ನೇ ಬೋಲಾ ಥಾ, ಆತಾ ಹೂಂ!" ಎಂದ ಡ್ರೈವರ್. ಮಾವ ಮತ್ತೆ ದುಡ್ಡು ಕೊಟ್ಟು, ಮತ್ತೆ "ಜಾಕೆ..." ಎಂದು ಬಾಯಿ ತೆರೆದರು. ನಾನು ಕೈ ಹಿಡಿದು ಎಳೆದುಕೊಂಡು ಬಂದೆ.

"ಹೇಳಿದ ಮಾತು ನಂಬಿ ಯಾರಾದ್ರೂ ಹಾಗೆ ಕಾಯ್ತಾರಾ ಮಾರಾಯ?" ಎಂದು ಲಿಫ್ಟಿನಲ್ಲಿ ಗೊಣಗಿದರು.

ಹಲ್ಲಿನ ಡಾಕ್ಟರದ್ದು ಇನ್ನೊಂದು ಕಥೆ. ಆ ಈಜಿಪ್ಟಿನವರು ಮಾವನ ಹುಳುಕು ಹಲ್ಲು ಕಿತ್ತು "ಖಲಾಸ್!" ಅಂದರು. ಮುಗಿಯಿತು ಎನ್ನುವ ಮಾತು ಮಾವನಿಗೆ ಹೇಗೆ ಹಿಡಿಸೀತು? ಹತ್ತಿ ಕಚ್ಚಿಕೊಂಡೇ "ಗೋ ಆಂಡ್ ಕಮ್, ಡಾಕ್ಟರ್" ಅಂದರು. ಪಾಪ, ಡಾಕ್ಟರು ಗಾಬರಿಯಾಗಿ ಮತ್ತೊಮ್ಮೆ ಬಾಯಿ ತೆರೆಸಿ ನೋಡಿದರು!

ಮಾವನಿಗೆ ಸರಿಜೋಡಿ ಎಂದರೆ ಎದುರು ಫ್ಲ್ಯಾಟಿನ ತಿರುನೆಲ್ವೇಲಿಯವರು. ಗೋದಾಮೊಂದರಲ್ಲಿ ಅಕೌಂಟೆಂಟು. ಸಂಜೆ ಕೆಲಸ ಮುಗಿಸಿ ನೇರ ನಮ್ಮಲ್ಲಿಗೆ ಕಾಫಿಗೆ ಬರುವರು. ಅವರು ತಮಿಳಿನಲ್ಲಿ, ಇವರು ತುಳುವಿನಲ್ಲಿ; ಅರ್ಥವಾಗದ ಕಡೆ ಇಂಗ್ಲಿಷು, ಅದೂ ಸಾಲದಿದ್ದರೆ ಇನ್ನೊಂದು ಲೋಟ ಕಾಫಿ.

"ತುಳುವುಕ್ಕು ತಮಿಳ್ ದಾನ್ ಅಮ್ಮಾ, ಸಾರ್!" ಎಂದು ಅವರು ಕೆಣಕುವರು.

"ಹಾಗಾದ್ರೆ ಅಮ್ಮ ಒಮ್ಮೆ ಮಗಳ ಭಾಷೆ ಮಾತಾಡ್ಲಿ ನೋಡುವ. ಹೇಳಿ: ಪೋದು ಬರ್ಪೆ."

"ಮುಡಿಯಾದು, ಸಾರ್!" ಎಂದು ನಗುತ್ತಾ ಎದ್ದು, "ಪೋಯ್ಟು ವರೇನ್" ಎಂದೇ ಹೊರಡುವರು. ವರ್ಷಗಟ್ಟಲೆ ಇದೇ ಜಗಳ. ಮಾವ ಅವರದ್ದನ್ನು ಕಲಿತರು, ಅವರು ಮಾತ್ರ ಜಪ್ಪಯ್ಯ ಎಂದರೂ ಮಾವನದ್ದನ್ನು ಕಲಿಯಲಿಲ್ಲ.

ಕಳೆದ ತಿಂಗಳು ಅವರ ಕೆಲಸ ಹೋಯಿತು. ಈ ಊರಿನಲ್ಲಿ ಕೆಲಸ ಹೋಯಿತೆಂದರೆ ವೀಸಾ ಹೋಯಿತು, ವೀಸಾ ಹೋಯಿತೆಂದರೆ ಊರೇ ಹೋಯಿತು. ಹೊರಡುವ ದಿನ ಸೂಟ್‌ಕೇಸುಗಳನ್ನೆಲ್ಲ ಲಿಫ್ಟಿಗೆ ತುಂಬಿ, ಒಳಗೆ ನಿಂತು, ಮೆಲ್ಲಗೆ "ನಾನ್ ಪೋರೇನ್, ಸಾರ್" ಅಂದರು.

ಹೋಗ್ತೇನೆ! ಮಾವ ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟರು.

"ಹಾಗೆ ಹೇಳ್ಬೇಡಿ ಸಾರ್. ಸರಿಯಾಗಿ ಹೇಳಿ."

"ವೀಸಾ ಕ್ಯಾನ್ಸಲ್, ಸಾರ್. ಎಪ್ಪಡಿ ವರ ಮುಡಿಯುಂ?"

ಲೆಕ್ಕದ ಮನುಷ್ಯ. ಬರಲಾಗುವುದಿಲ್ಲ ಎಂದು ಗೊತ್ತಿದ್ದೂ ಬರ್ತೇನೆ ಎನ್ನಲು ಅವರಿಂದಾಗಲಿಲ್ಲ. ಲಿಫ್ಟು ಕೀಂಯ್ ಕೀಂಯ್ ಎಂದು ಬೊಬ್ಬೆ ಹಾಕತೊಡಗಿತು. ಮಾವ ಕಾಲು ತೆಗೆಯಲಿಲ್ಲ, ಮತ್ತೊಂದು ಮಾತೂ ಆಡಲಿಲ್ಲ. ಎಂಟು ಭಾಷೆ ಬರುವವರು!

ತಿರುನೆಲ್ವೇಲಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ತಮಿಳಿನ ರಾಗದಲ್ಲೇ, ತಡೆದು ತಡೆದು ಹೇಳಿದರು: "ಪೋದು... ಬರ್ಪೆ, ಸಾರ್."

ಮಾವ ಕಾಲು ತೆಗೆದರು.

ಎದುರು ಫ್ಲ್ಯಾಟಿಗೆ ಈಗ ಬೇರೆಯವರು ಬಂದಿದ್ದಾರೆ. ಅವರ ಭಾಷೆ ಯಾವುದೆಂದು ಮಾವ ಇನ್ನೂ ಕೇಳಿಲ್ಲ. ಸಂಜೆ ಕಾಫಿಯ ಹೊತ್ತಿಗೆ ನಮ್ಮ ಮಹಡಿಯಲ್ಲಿ ಲಿಫ್ಟು ನಿಂತ ಸದ್ದಾದರೆ ಮಾತ್ರ, ಲೋಟ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಾರೆ. ಹೇಳಿದ ಮಾತು ನಂಬಿ ಯಾರಾದರೂ ಹಾಗೆ ಕಾಯುತ್ತಾರಾ ಎಂದು ಅಂದು ಕೇಳಿದ್ದರಲ್ಲ?

ಕಾಯ್ತಾರೆ, ಮಾವ.