ಬೋರಲು ಮಲಗಿ ಕೇಳಿದ ಧಾರಾವಾಹಿ

ಮನುಷ್ಯನಿಗೆ ಏನಾದರೊಂದು ಅಹಂಕಾರ ಇರಲೇಬೇಕು. ಕೆಲವರಿಗೆ ನಿವೇಶನದ ಅಳತೆಯದ್ದು, ಕೆಲವರಿಗೆ ಮಕ್ಕಳ ಅಂಕಗಳದ್ದು, ಇನ್ನು ಕೆಲವರಿಗೆ ಇಷ್ಟು ವಯಸ್ಸಾದರೂ ತಮಗೆ ಸಕ್ಕರೆ ಕಾಯಿಲೆ ಬಂದಿಲ್ಲವೆಂಬುದು. ಇವು ಯಾವುವೂ ನನಗೆ ಒದಗಿ ಬರಲಿಲ್ಲವಾದ್ದರಿಂದ ನಾನು ಕಥೆಯನ್ನು ಹಿಡಿದುಕೊಂಡೆ. ಕಥೆ ಹೇಗಿರಬೇಕು, ಎಲ್ಲಿ ಶುರುವಾಗಬೇಕು, ಮುಖ್ಯವಾಗಿ ಎಲ್ಲಿ ಮುಗಿಯಬೇಕು ಎಂಬುದನ್ನು ವಿಜಯನಗರದ ಸುತ್ತಮುತ್ತ ನನ್ನಷ್ಟು ಖಚಿತವಾಗಿ ಬಲ್ಲವರಿಲ್ಲವೆಂದು ನಂಬಿಕೊಂಡೇ ಐವತ್ತು ದಾಟಿದೆ. ತಿಂಗಳಿಗೊಮ್ಮೆ ಬಸವೇಶ್ವರನಗರದ ಗೆಳೆಯರೊಬ್ಬರ ಮಹಡಿಯಲ್ಲಿ ನಾವು ಏಳೆಂಟು ಜನ ಸೇರಿ ಒಂದು ಸಿನಿಮಾ ನೋಡಿ, ಅದು ಮುಗಿದ ಮೇಲೆ ಅದಕ್ಕಿಂತ ಉದ್ದವಾಗಿ ಮಾತಾಡುವುದುಂಟು. ಅಲ್ಲಿ ನನ್ನ ಸಿದ್ಧಾಂತ ಒಂದೇ: ಮುಗಿಯುವುದು ಕಥೆ, ಮುಗಿಯದೇ ಇರುವುದು ವ್ಯಾಪಾರ. ಸಿನಿಮಾ ಎರಡೂವರೆ ಗಂಟೆಯಲ್ಲಿ ಒಂದು ಜೀವಮಾನವನ್ನು ತೋರಿಸುತ್ತದೆ; ಧಾರಾವಾಹಿ ಒಂದು ಜೀವಮಾನವನ್ನು ತಿಂದು ಎರಡೂವರೆ ಗಂಟೆಯ ವಿಷಯವನ್ನು ತೋರಿಸುತ್ತದೆ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಗೆಳೆಯರು ಕಾಫಿ ತರುವ ನೆಪದಲ್ಲಿ ಏಳುತ್ತಾರೆ.

ಹೊರಗೆ ಹೀಗೆ ಗುಡುಗುವವನ ಮನೆಯಲ್ಲಿ, ಆರ್‌ಪಿಸಿ ಲೇಔಟಿನ ನಮ್ಮ ನಡುಮನೆಯಲ್ಲಿ, ಸಂಜೆ ಏಳಕ್ಕೆ ಧಾರಾವಾಹಿ ಶುರುವಾಗುತ್ತದೆ. ನೋಡುವವರು ನಮ್ಮತ್ತೆ, ಅಂದರೆ ನನ್ನ ಹೆಂಡತಿ ಸುಜಾತಳ ತಾಯಿ. ಕೆಂಗೇರಿ ಕಡೆಯ ಹಳ್ಳಿಯವರು. ಅವರು ರಾಗಿ ಬೆಳೆದ ಹೊಲದಲ್ಲಿ ಈಗ ನಾಲ್ಕಂತಸ್ತಿನ ಮನೆಗಳೂ ಒಂದು ಜಿಮ್ಮೂ ಬೆಳೆದಿವೆ. ಐದಾರು ವರ್ಷಗಳಿಂದ ನಮ್ಮೊಡನೆಯೇ ಇದ್ದಾರೆ. ಇಷ್ಟು ವರ್ಷದಲ್ಲಿ ನಾನೂ ಅವರೂ ನೇರವಾಗಿ ಒಂದು ಮಾತಾಡಿದ್ದಿಲ್ಲ. ಜಗಳವಲ್ಲ, ಮರ್ಯಾದೆ. ನಮ್ಮ ಕಡೆಯ ಹಳೆಯ ಒಕ್ಕಲುಮನೆಗಳಲ್ಲಿ ಅತ್ತೆಯಾದವಳು ಅಳಿಯನ ಎದುರಿಗೆ ಕೂರುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ. ನಾನು ಊಟಕ್ಕೆ ಕೂತಿರುವಾಗ, ನನಗೆ ಒಂದು ಮೊಳ ದೂರದಲ್ಲಿ ನಿಂತು, "ಸುಜಿ, ಅವ್ರಿಗೆ ಇನ್ನೊಂದ್ ಮುದ್ದೆ ಬೇಕೇನೋ ಕೇಳು" ಎನ್ನುತ್ತಾರೆ. ನಾನು, "ಸಾಕು ಅಂತ ಹೇಳು" ಎನ್ನುತ್ತೇನೆ. ಸುಜಾತ ಎರಡೂ ಕಡೆಯ ಸುದ್ದಿ ತಲುಪಿಸುತ್ತಾಳೆ. ಅವಳು ಮನೆಯಲ್ಲಿಲ್ಲದಿದ್ದರೆ ಅತ್ತೆ ಗೋಡೆಯ ಗಡಿಯಾರಕ್ಕೆ "ಗ್ಯಾಸ್ ಬಂದಿತ್ತು" ಎಂದು ಹೇಳುತ್ತಾರೆ, ನಾನು ಗಡಿಯಾರದಿಂದ ತಿಳಿದುಕೊಳ್ಳುತ್ತೇನೆ.

ಹೀಗಿರುವಾಗ ಅವರ ಕಣ್ಣು ಕೆಟ್ಟಿತು. ಒಂದು ಕಣ್ಣು ಹಿಂದೆಯೇ ಸಕ್ಕರೆ ಕಾಯಿಲೆಗೆ ಸಂದಿತ್ತು. ಉಳಿದಿದ್ದ ಒಂದರಲ್ಲಿ ಯಾರೋ ಕಪ್ಪು ಪರದೆ ಎಳೆದ ಹಾಗಾಯಿತೆಂದು ಒಂದು ಬೆಳಗ್ಗೆ ಮಗಳಿಗೆ ಹೇಳಿದರು. ರಾಜಾಜಿನಗರದ ಕಣ್ಣಾಸ್ಪತ್ರೆಯಲ್ಲಿ ಅಂದೇ ಸೇರಿಸಿಕೊಂಡರು. ಆಪರೇಷನ್ ಮಾಡಿದ ಡಾಕ್ಟರು ನಮ್ಮನ್ನು ಕೂರಿಸಿ ತಿಳಿಯಹೇಳಿದರು: ಗೋಡೆಯ ಸುಣ್ಣ ಚಕ್ಕೆ ಎದ್ದ ಹಾಗೆ ಕಣ್ಣಿನ ಒಳಪರದೆ ಎದ್ದಿತ್ತು, ಈಗ ಒಳಗೆ ಗಾಳಿಯ ಗುಳ್ಳೆ ಬಿಟ್ಟು ಅದನ್ನು ಒತ್ತಿ ಕೂರಿಸಿದೆ. ಗುಳ್ಳೆ ಯಾವಾಗಲೂ ಮೇಲಕ್ಕೇರುತ್ತದೆ, ಆದ್ದರಿಂದ ಮುಖ ಕೆಳಗೆ ಮಾಡಿಕೊಂಡೇ ಇರಬೇಕು. ಮಲಗಿದರೂ ಬೋರಲು, ಊಟಕ್ಕೆ ಕೂತರೂ ತಲೆ ತಗ್ಗಿಸಿಯೇ. ಎರಡು ವಾರ. "ತಲೆ ಎತ್ತಿ ಎತ್ತಿ ನೋಡಿದ್ರೆ ಪರದೆ ಮತ್ತೆ ಬಿಟ್ಕೊಳ್ಳುತ್ತೆ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ" ಎಂದರು. ಸುಜಾತ ಹೈಸ್ಕೂಲು ಮೇಡಂ. ಹತ್ತನೇ ತರಗತಿಯ ಪರೀಕ್ಷೆ ಎದುರಿಗಿತ್ತು. ನನ್ನ ಬಳಿ ಸಿನಿಮೋತ್ಸವಕ್ಕೆಂದು ಕೂಡಿಟ್ಟುಕೊಂಡಿದ್ದ ರಜೆಯಿತ್ತು. ಅವಳು ಕೇಳಲಿಲ್ಲ, ನನ್ನ ಮುಖವನ್ನು ನೋಡಿದಳು ಅಷ್ಟೇ. ರಜೆ ಬರೆದುಕೊಟ್ಟೆ.

ಮೊದಲ ದಿನವೇ ಗೊತ್ತಾಯಿತು, ಸುಮ್ಮನೆ ಬೋರಲು ಮಲಗಿರುವುದು ಎಂಥ ಶಿಕ್ಷೆಯೆಂದು. ಎಪ್ಪತ್ತು ದಾಟಿದ ಜೀವ. ಕತ್ತು ಹಿಡಿಯುತ್ತದೆ, ಎದೆ ಒತ್ತುತ್ತದೆ. ಅದಕ್ಕಿಂತ ಹೆಚ್ಚಾಗಿ, ಜೀವಮಾನವಿಡೀ ಮನೆಯ ಮೇಲೆ ಕಣ್ಣಿಟ್ಟುಕೊಂಡು ಬಂದವರು. ಕುಕ್ಕರ್ ಕೂಗಿದರೆ ತಲೆ ಎತ್ತುವರು, ಗೇಟಿನ ಸದ್ದಾದರೆ ತಲೆ ಎತ್ತುವರು, ಸೊಪ್ಪಿನವಳು ಬೀದಿಯಲ್ಲಿ ಕೂಗಿದರೂ ತಲೆ ಎತ್ತುವರು. ನಾನು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ಅಳಿಯನ ಕೆಮ್ಮಿನ ಅರ್ಥ ಅವರಿಗೆ ತಿಳಿದು ತಲೆ ಇಳಿಸುವರು. ಮಧ್ಯಾಹ್ನದ ಹೊತ್ತಿಗೆ ನನಗೆ ನಿಜವಾಗಿಯೇ ಕೆಮ್ಮು ಬಂತು.

ಸಂಜೆ ಏಳಕ್ಕೆ ಸುಜಾತ ಅಮ್ಮನ ಹಾಸಿಗೆಯನ್ನು ನಡುಮನೆಗೆ ತಂದು, ಟೀವಿ ಹಾಕಿ, "ನೋಡಕ್ಕಾಗ್ದಿದ್ರೇನಂತೆ, ಕೇಳಿಸ್ಕೊಳಮ್ಮ" ಎಂದು ಅಡುಗೆಮನೆಗೆ ಹೋದಳು. ಧಾರಾವಾಹಿಯನ್ನು ಕೇಳಿ ತಿಳಿಯಲಾಗದು ಎಂಬುದು ನಮಗೆ ಆಗಲೇ ಗೊತ್ತಾದದ್ದು. ಅಲ್ಲಿ ಯಾರೂ ಮಾತಾಡುವುದಿಲ್ಲ. ಬರೀ ನೋಡುತ್ತಾರೆ. ಒಬ್ಬೊಬ್ಬರು ನೋಡಿದಾಗಲೂ ಮೂರು ಸಲ ಢಮ್ ಎನ್ನುತ್ತದೆ. ಐದು ನಿಮಿಷ ಬರೀ ಢಮ್ಮುಗಳು ಬಂದ ಮೇಲೆ, ದಿಂಬಿನೊಳಗಿಂದ ಅತ್ತೆಯ ಧ್ವನಿ ಬಂತು.

"ಏನಾಯ್ತೇ ಸುಜಿ?"

ಸುಜಿ ಒಗ್ಗರಣೆಯ ಸದ್ದಿನಲ್ಲಿದ್ದಳು. ನಡುಮನೆಯಲ್ಲಿ ಇದ್ದವನು ನಾನೊಬ್ಬನೇ. ಗಡಿಯಾರಕ್ಕೆ ಹೇಳೋಣವೆಂದರೆ ಅತ್ತೆಗೆ ಗಡಿಯಾರ ಕಾಣುವಂತಿರಲಿಲ್ಲ.

"ನೋಡಿದ್ಳು ಅತ್ತೆ" ಎಂದೆ.

ದಿಂಬು ಒಮ್ಮೆ ಅಲುಗಿತು. ಆಮೇಲೆ ನೆಲಕ್ಕೆ ಹೇಳಿದ ಹಾಗೆ, "ಯಾರು?"

"ಚಿಕ್ಕ ಸೊಸೆ."

"ಯಾರ್ನ?"

"ಬೀರುನ."

"ಅಯ್ಯೋ ಶಿವನೇ" ಎಂದರು ಅತ್ತೆ. ಮದುವೆಯಾದಂದಿನಿಂದ ಅದೇ ನಮ್ಮ ಮೊದಲ ಮಾತುಕತೆ. ಅವರಿಗೆ ನನ್ನ ಮುಖ ಕಾಣುವಂತಿರಲಿಲ್ಲ. ಕಾಣದ ಮುಖದೊಡನೆ ಮಾತಾಡಿದರೆ ಮರ್ಯಾದೆ ಕೆಡುವುದಿಲ್ಲವಲ್ಲ.

ಅತ್ತೆ ತಲೆ ಎತ್ತದೆ ಅರ್ಧ ಗಂಟೆ ಮಲಗಿದ್ದು ಅಂದು ಅದೇ ಮೊದಲ ಸಲ. ಹಾಗಿದ್ದರೆ ಇಡೀ ದಿನ ಕಥೆ ಹೇಳಿ ಮಲಗಿಸೋಣ, ಅದೂ ನನ್ನಂಥವನು ಮನೆಯಲ್ಲಿರುವಾಗ ಈ ಬೀರುವಿನ ಕಥೆ ಯಾಕೆ, ನಿಜವಾದ ಕಥೆಯನ್ನೇ ಹೇಳೋಣ ಎಂದು ಹುಮ್ಮಸ್ಸಿನಿಂದ ಮಾರನೆಯ ಬೆಳಗ್ಗೆ ಕುರ್ಚಿ ಎಳೆದುಕೊಂಡು ಕೂತೆ. ನನಗೆ ಪ್ರಾಣವಾದ ಒಂದು ಹಳೆಯ ಚಿತ್ರ; ಹೊಳೆ ದಾಟಿಸುವ ಅಂಬಿಗನೊಬ್ಬ ಸೇತುವೆಯಾದ ಮೇಲೆ ದೋಣಿ ಮಾರುವ ಕಥೆ. ಮಹಡಿಯ ಮೇಲೆ ಅದರ ಕೊನೆಯ ದೃಶ್ಯದ ಬಗ್ಗೆಯೇ ನಾನು ಒಂದು ಇಡೀ ಸಂಜೆ ಮಾತಾಡಿದ್ದುಂಟು. ಒಂದು ಮಾತೂ ಹೆಚ್ಚಾಗದಂತೆ ಹೇಳಿದೆ. ಕಾಲು ಗಂಟೆಯಲ್ಲಿ ಮುಗಿಯಿತು.

"ಆಮೇಲೆ?" ಎಂದರು ಅತ್ತೆ.

"ಮುಗೀತು ಅತ್ತೆ. ಅವ್ನು ಸೇತುವೆ ಮೇಲೆ ನಡ್ಕೊಂಡ್ ಹೋಗ್ತಾನೆ. ಅಷ್ಟೇ."

"ಅವ್ನ್ ಮಗ್ಳು ಇದ್ಲಲ್ಲ. ಅವ್ಳ ಮದ್ವೆ?"

"ಅದನ್ನ ತೋರಿಸಲ್ಲ. ನೋಡೋರ ಕಲ್ಪನೆಗೆ ಬಿಟ್ಟಿದಾರೆ."

"ನಮ್ಗ್ಯಾಕ್ ಬಿಡ್ತಾರೆ? ಟಿಕೀಟಿನ ದುಡ್ಡು ಇಸ್ಕಂಡಿರೋರು ಅವ್ರಲ್ವಾ?" ಎಂದು ಕೇಳಿ, ಕಥೆ ಮುಗಿಯಿತಲ್ಲ ಎಂದು ಅತ್ತೆ ಸರಾಗವಾಗಿ ತಲೆ ಎತ್ತಿಬಿಟ್ಟರು.

ನಾನು ಗಾಬರಿಯಲ್ಲಿ ಕೆಮ್ಮಿದೆ. ಆ ದಿನ ಇನ್ನೂ ಮೂರು ಶ್ರೇಷ್ಠ ಚಿತ್ರಗಳನ್ನು ಹೇಳಿದೆ. ಮೂರು ಸಲವೂ ಮುಕ್ತಾಯ ಅದ್ಭುತವಾಗಿ ಬಂತು, ಮೂರು ಸಲವೂ ಅತ್ತೆ ಎದ್ದರು. ಒಳ್ಳೆಯ ಮುಕ್ತಾಯ ಕೇಳುಗನನ್ನು ಬಿಡುಗಡೆ ಮಾಡುತ್ತದೆ ಎಂದು ನಾನೇ ಭಾಷಣ ಮಾಡುತ್ತಿದ್ದೆ. ಬಿಡುಗಡೆಯೇ ಆಗಬಾರದ ಕೇಳುಗರೂ ಇರುತ್ತಾರೆಂದು ನನಗೆ ಹೊಳೆದಿರಲಿಲ್ಲ. ಧಾರಾವಾಹಿಯಾದರೋ, ಮುಗಿದ ಮೇಲೂ ಅವರನ್ನು ಹಿಡಿದಿರುತ್ತಿತ್ತು. ಬೀರುವಿನಲ್ಲಿ ಏನಿದೆ, ಯಾರು ತೆಗೆಯುತ್ತಾರೆ ಎಂದು ಯೋಚಿಸುತ್ತ ಮುಖ ಕೆಳಗೆ ಹಾಕಿಕೊಂಡು ಗಂಟೆಗಟ್ಟಲೆ ಮಲಗಿರುತ್ತಿದ್ದರು.

ಆಗ ನಾನು ಮಾಡಿದ ಕೆಲಸ ಮಹಡಿಯ ಗೆಳೆಯರಿಗೆ ಗೊತ್ತಾದರೆ ಬಹಿಷ್ಕಾರ ಹಾಕುತ್ತಾರೆ. ಧಾರಾವಾಹಿಯ ಹಳೆಯ ಸಂಚಿಕೆಗಳನ್ನು ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಲ್ಲಿ ನೋಡಿ, ಅವರು ನೋಡಿದ್ದೇ ಆದರೂ, ಅತ್ತೆಗೆ ಮೊದಲಿನಿಂದ ಹೇಳತೊಡಗಿದೆ. ಕಥೆ ಇಷ್ಟೇ: ದೊಡ್ಡ ಮನೆ, ಯಜಮಾನಿ, ಇಬ್ಬರು ಸೊಸೆಯರು. ಯಜಮಾನಿಯ ಒಡ್ಯಾಣ ಕಳೆದಿದೆ. ಕದ್ದವಳು ಚಿಕ್ಕವಳು, ಕಳ್ಳಿ ಎನ್ನಿಸಿಕೊಂಡವಳು ದೊಡ್ಡವಳು. ಸಿನಿಮಾದಲ್ಲಾಗಿದ್ದರೆ ಬೀರು ತೆರೆಯುತ್ತದೆ, ಮುಂದಿನ ದೃಶ್ಯದಲ್ಲಿ ಪೊಲೀಸ್ ಠಾಣೆ. ಇಲ್ಲಿ ಬೀರುವಿನ ಹಿಡಿಗೆ ಕೈ ಹೋಗಲು ಎರಡು ದಿನ ಬೇಕು. ಅದನ್ನು ಹೇಳುತ್ತ ಹೇಳುತ್ತ ನಾನೂ ನಿಧಾನ ಕಲಿತೆ. ಮೊದಮೊದಲು "ಅವಳು ಬಂದಳು" ಎಂದರೆ ಅತ್ತೆ ತಡೆಯುತ್ತಿದ್ದರು: "ಯಾವ್ ಸೀರೆ ಉಟ್ಕಂಡವ್ಳೆ? ಕೈಗ್ ಏನ್ ಹಾಕವ್ಳೆ?" ಆಮೇಲಾಮೇಲೆ ಕೇಳುವ ಮೊದಲೇ ಸೀರೆಯ ಅಂಚಿನಿಂದ ಶುರುಮಾಡುತ್ತಿದ್ದೆ. ಒಂದು ಮಧ್ಯಾಹ್ನ ನಾನು ಚಿಕ್ಕ ಸೊಸೆಯನ್ನು ಮೆಟ್ಟಿಲ ಮೇಲಿಂದ ಕೆಳಕ್ಕೆ ಇಳಿಸಲು ತೆಗೆದುಕೊಂಡ ಹೊತ್ತಿನಲ್ಲಿ ಸುಜಾತ ಶಾಲೆಯಿಂದ ಬಂದು, ಕೈಕಾಲು ತೊಳೆದು, ಕಾಫಿ ಮಾಡಿ ತಂದಿಟ್ಟಳು. "ಇನ್ನೂ ಇಳೀಲಿಲ್ವೇನ್ರೀ ಅವ್ಳು?" ಎಂದಳು. ನನಗೆ ನಾಚಿಕೆಯಾಗಲಿಲ್ಲ. ಅತ್ತೆಯ ತಲೆ ದಿಂಬಿನ ಮೇಲೇ ಇತ್ತು.

ಎರಡನೆಯ ವಾರದಲ್ಲಿ ಒಂದು ದಿನ ನಾನು ಸುಸ್ತಾಗಿ, "ಈ ಬೀರು, ಈ ಒಡ್ಯಾಣ... ಏನಿದೆ ಅತ್ತೆ ಇದರಲ್ಲಿ ಇಷ್ಟು ದಿನ ನೋಡೋಕೆ?" ಎಂದು ಕೇಳಿಬಿಟ್ಟೆ. ಅತ್ತೆಯ ಕೈ ದಿಂಬಿನ ಅಂಚನ್ನು ಹಿಡಿದುಕೊಂಡಿತು. ಅಳಿಯನಾಗಿ ಮಿತಿ ಮೀರಿದೆನೇನೋ ಎಂದು ನಾನು ಕುರ್ಚಿಯಿಂದ ಏಳುವುದರಲ್ಲಿದ್ದೆ.

"ನಾನ್ ಮದ್ವೆ ಆಗ್ ಬಂದ ವರ್ಸ ನಮ್ಮತ್ತೆದು ಬಳೆ ಕಳ್ದೋಯ್ತು" ಎಂದರು. "ಮನೇಲಿ ಹೊಸಬ್ಳು ನಾನೇ ಅಲ್ವಾ. ಬಾಯ್ಬಿಟ್ಟು ಯಾರೂ ಅನ್ನಲಿಲ್ಲ. ನನ್ ಟ್ರಂಕ್‌ನ ನನ್ ಮುಂದೇನೇ ತೆಗ್ದು ಸುರುದ್ರು. ಎಂಟ್ ದಿವ್ಸ ಆದ್ಮೇಲೆ ರಾಗಿ ತುಂಬೋ ವಾಡೇಲಿ ಸಿಕ್ತು. ನಮ್ಮತ್ತೆ ಅದ್ನ ಕೈಗ್ ಹಾಕ್ಕಂಡು ಕೆಲ್ಸ ನೋಡಕ್ ಹೋದ್ರು. ನನ್ಗೊಂದ್ ಮಾತು ಅನ್ನಲಿಲ್ಲ. ಸಾಯೋ ತಂಕ ಅನ್ನಲಿಲ್ಲ." ಆಮೇಲೆ, "ಆ ಎಜಮಾನಿ ದೊಡ್ ಸೊಸೆ ತಾವ ತಪ್ಪಾಯ್ತು ಅನ್ನೋದ್ನ ನಾನ್ ನೋಡ್ಬೇಕು. ಅದ್ಕೆ ನಂಗೆ ಈ ಕಣ್ ಬೇಕು" ಎಂದರು.

ಬೋರಲು ಮಲಗಿದ ಆ ಬೆನ್ನನ್ನು ನೋಡುತ್ತ, ಇವರು ಇಷ್ಟು ವರ್ಷ ಸಂಜೆ ಏಳಕ್ಕೆ ಏನನ್ನು ಕಾಯುತ್ತ ಕೂರುತ್ತಿದ್ದರೆಂದು ತಿಳಿಯದೆ, ಟೀವಿಯ ಸದ್ದು ಕೇಳಬಾರದೆಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದವನು ನಾನು ಎಂದು ಸಂಕಟವಾಯಿತು. ಸಂಕಟದಲ್ಲಿ ಮಾಡಬಾರದ್ದನ್ನು ಮಾಡಿದೆ. ಅಂದು ಸಂಜೆಯ ಸಂಚಿಕೆಯಲ್ಲಿ ಯಜಮಾನಿ ಎಂದಿನಂತೆ ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ನಾನು ಸಿನಿಮಾದವನಲ್ಲವೇ, ಒಂದೇ ದೃಶ್ಯದಲ್ಲಿ ಮುಗಿಸಿಬಿಡೋಣವೆನ್ನಿಸಿತು.

"ಅತ್ತೆ, ಯಜಮಾನಿ ದೊಡ್ಡ ಸೊಸೆ ಹತ್ರ ಬಂದ್ಳು. ಕೈ ಹಿಡ್ಕೊಂಡ್ಳು. ತಪ್ಪಾಯ್ತಮ್ಮ, ನಿಂದೇನೂ ತಪ್ಪಿಲ್ಲ ಅಂತ ಸದ್ದಿಲ್ದೆ ಬಾಯಿ ಆಡಿಸಿದ್ಳು" ಎಂದೆ.

"ಸುಮ್ನಿರಿ ಅಳಿಯಂದ್ರೆ" ಎಂದರು ಅತ್ತೆ ತಣ್ಣಗೆ. "ಮ್ಯೂಜಿಕ್ಕೇ ಬರ್ಲಿಲ್ಲ. ಅಷ್ಟ್ ಸಲೀಸಾಗಿ ಯಾವ್ ಅತ್ತೆ ಅಂತಾಳೆ?"

ಕಥೆಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲೆಲ್ಲ ಅದೇ ಕಟುವಾದದ್ದು, ಅದೇ ನಿಜವಾದದ್ದು. ಸಿನಿಮಾದಲ್ಲಿ ಜನ ಎರಡೂವರೆ ಗಂಟೆಯೊಳಗೆ ಬದಲಾಗಲೇಬೇಕು, ಏಕೆಂದರೆ ಮುಂದಿನ ಆಟಕ್ಕೆ ಜನ ಹೊರಗೆ ನಿಂತಿರುತ್ತಾರೆ. ಮನೆಗಳಲ್ಲಿ ಹಾಗಿಲ್ಲ. ಅತ್ತೆಯೊಬ್ಬಳು ಬಾಯಿಬಿಟ್ಟು ತಪ್ಪಾಯ್ತು ಎನ್ನಲು ಎಷ್ಟು ಕಾಲ ಬೇಕೋ ಅಷ್ಟನ್ನೂ, ಪಾಪ, ಆ ಧಾರಾವಾಹಿಯವರು ಪ್ರಾಮಾಣಿಕವಾಗಿ ತೆಗೆದುಕೊಳ್ಳುತ್ತಿದ್ದರು. ಅವರ ಉದ್ದೇಶ ಜಾಹೀರಾತೇ ಇರಬಹುದು, ಫಲ ಮಾತ್ರ ಬದುಕಿಗೆ ಹತ್ತಿರವಿತ್ತು.

ಎರಡು ವಾರ ಕಳೆದು ಡಾಕ್ಟರು ಬೆಳಕು ಬಿಟ್ಟು ನೋಡಿದರು. ಪರದೆ ಗಟ್ಟಿಯಾಗಿ ಕೂತಿತ್ತು. "ಅಜ್ಜಿ, ತುಂಬಾ ಚೆನ್ನಾಗಿ ಮಲಗಿದೀರಿ. ನಮ್ಮಲ್ಲಿ ಹುಡುಗರೂ ಹೀಗೆ ಮಲಗಲ್ಲ" ಎಂದರು. ಸುಜಾತ ಅಲ್ಲೇ ಅತ್ತಳು. ನಾನು ಗೋಡೆಯ ಮೇಲಿನ ಅಕ್ಷರಗಳ ಹಲಗೆಯನ್ನು ಓದಿದೆ, ನನಗೂ ಕೆಳಗಿನ ಸಾಲು ಮಂಜಾಗಿ ಕಂಡಿತು. ಗುಳ್ಳೆ ಪೂರ್ತಿ ಕರಗುತ್ತ ಬಂದ ಹಾಗೆ ಅತ್ತೆಯ ದೃಷ್ಟಿ ತಿಳಿಯಾಯಿತು. ಅವರು ನೆಟ್ಟಗೆ ಕೂತರು. ತಲೆಯ ಮೇಲೆ ಸೆರಗು ಎಳೆದುಕೊಂಡು ಮಗಳಿಗೆ ಹೇಳಿದರು: "ಸುಜಿ, ಅವ್ರಿಗೆ ಕಾಫಿ ಕೊಡು."

ನಾನು ಮತ್ತೆ "ಅವ್ರು" ಆದೆ. ಮುಖ ಕಂಡಿತಲ್ಲ, ಮಾತು ನಿಂತಿತು. ಯಾರನ್ನೂ ದೂರುವಂತಿರಲಿಲ್ಲ. ನಮ್ಮೆಲ್ಲರ ಹಾರೈಕೆಯಂತೆಯೇ ಆಗಿತ್ತು. ಹೊರಗಿನವರು ನೋಡಿದರೆ ಎಂಥ ಸುಖಾಂತ! ಆದರೆ ಒಳ್ಳೆಯ ಮುಕ್ತಾಯವೊಂದು ಇಷ್ಟು ಖಾಲಿಯಾಗಿರುತ್ತದೆಂದು ಯಾವ ನಿರ್ದೇಶಕನೂ ನನಗೆ ಹೇಳಿಕೊಟ್ಟಿರಲಿಲ್ಲ. ಆಫೀಸಿಗೆ ಹೋಗತೊಡಗಿದೆ. ಆದರೆ ಏಳರೊಳಗೆ ಮನೆ ಸೇರುತ್ತಿದ್ದೆ. ಅತ್ತೆಗೆ ಮುಜುಗರವಾಗದಂತೆ ಅವರ ಹಿಂದೆ, ಊಟದ ಮೇಜಿನ ಕುರ್ಚಿಯಲ್ಲಿ, ಪೇಪರು ಹಿಡಿದು ಕೂರುತ್ತಿದ್ದೆ. ಮಹಡಿಯ ಗೆಳೆಯರು ಫೋನು ಮಾಡಿದರೆ ಮನೆಯಲ್ಲಿ ಹುಷಾರಿಲ್ಲ ಎನ್ನುತ್ತಿದ್ದೆ. ಯಾರಿಗೆ ಎಂದು ಅವರು ಕೇಳಲಿಲ್ಲ.

ಮೊನ್ನೆ ಬೀರು ತೆರೆಯಿತು. ಒಡ್ಯಾಣ ಸಿಕ್ಕಿತು. ನಿನ್ನೆ ಯಜಮಾನಿ ನಿಧಾನವಾಗಿ, ಬಹಳ ನಿಧಾನವಾಗಿ, ದೊಡ್ಡ ಸೊಸೆಯ ಎದುರಿಗೆ ಬಂದು ನಿಂತಳು. ಢಮ್ ಎಂದಿತು. ಸೊಸೆ ನೋಡಿದಳು. ಮತ್ತೆ ಢಮ್. ನನ್ನ ಕೈಯ ಪೇಪರು ಯಾವಾಗ ಜಾರಿತೋ ಗೊತ್ತಿಲ್ಲ. ಯಜಮಾನಿಯ ತುಟಿ ಅದುರಿತು, ಬಾಯಿ ತೆರೆಯಿತು, "ನಾನು..." ಎಂದಳು. ಅಷ್ಟಕ್ಕೆ ಪರದೆ ನಿಂತು, "ಮುಂದುವರಿಯುವುದು" ಎಂದು ಬಂತು.

"ಥೂ ಇವನ! ಹೇಳಿಸೋಕೇನಾಗಿತ್ತು ಇವನಿಗೆ? ಒಂದು ಮಾತು! ಒಂದೇ ಒಂದು ಮಾತು!" ಎಂದು ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ಕೂಗಿದೆ.

ಅತ್ತೆ ತಿರುಗಿದರು. ಪೂರ್ತಿ ತಿರುಗಿ, ಸೆರಗು ಸರಿಮಾಡಿಕೊಳ್ಳದೆ, ಉಳಿದ ಆ ಒಂದು ಕಣ್ಣಿನಿಂದ ನನ್ನ ಮುಖವನ್ನು ನೇರವಾಗಿ ನೋಡಿದರು.

"ಕೂತ್ಕಳಿ ಅಳಿಯಂದ್ರೆ" ಎಂದರು. "ನಾನು ಐವತ್ ವರ್ಸ ಕಾದಿವ್ನಿ. ನಿಮ್ಗೆ ನಾಳೆಗಂಟ ಆಗಲ್ವಾ?"

ಕೂತೆ.