ಲ್ಯಾವೆಂಡರ್ ಕಳ್ಳನ ವಾಸನೆ

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಗುಮಾಸ್ತನ ಲ್ಯಾವೆಂಡರ್ ಕುಂಡದಲ್ಲಿ ಅರ್ಧದಷ್ಟು ಹೂಕಡ್ಡಿಗಳೇ ಇಲ್ಲ. ಕತ್ತರಿ ಆಡಿಸಿದ ಗುರುತು ಬೇರೆ. ಸಂಜೆ ಕಾಲೊನಿಯ ಹೂಗಿಡ ಸ್ಪರ್ಧೆ. ಬೇರು ಕೊಳೆಯದಿರಲೆಂದು ಮಣ್ಣಿಗೆ ಮರಳು ಬೆರೆಸಿ, ಬಿಸಿಲು ತಿರುಗಿದತ್ತ ಕುಂಡ ತಿರುಗಿಸಿ, ಹೊಸ ಅಳಿಯನನ್ನು ನೋಡಿಕೊಂಡಂತೆ ನೋಡಿಕೊಂಡ ಗಿಡ!

ಅವನಿದ್ದದ್ದು ವಿಮಾ ಕಂಪನಿಯಲ್ಲಿ. ಸತ್ತವರು ನಿಜವಾಗಿಯೂ ಸತ್ತಿದ್ದಾರೆಯೇ ಎಂದು ಅನುಮಾನಿಸುವುದೇ ಅವನ ಹೊಟ್ಟೆಪಾಡು. ಹೆಂಡತಿಯನ್ನು ಕೇಳಬೇಕೆಂದು ಹೊಳೆಯಲೇ ಇಲ್ಲ. ತನಿಖೆಗೆ ಗತ್ತಿರಲಿ ಎಂದು ಪೆಟ್ಟಿಗೆಯಿಂದ ಉಣ್ಣೆ ಕೋಟು ತೆಗೆದು ಹಾಕಿಕೊಂಡು ಹೊರಟ.

ಎದುರುಮನೆ ಟೈಲರ್ ಬಳಿ ಕತ್ತರಿ ಇತ್ತು. ಅಷ್ಟೇ ಸಾಕಾಯಿತು. ಬಗ್ಗಿ ಅವನ ಕೈ ಮೂಸಿದ. ಘಮ್ಮೆಂದಿತು.

"ಏನ್ರೀ ಇದು? ನನ್ ಕೈಯೇನು ಕರ್ಚೀಫಾ?"

"ಲ್ಯಾವೆಂಡರ್ ವಾಸನೆ ಬರ್ತಿದೆ."

"ಈಗಷ್ಟೇ ಮಿಷನ್‌ಗೆ ಎಣ್ಣೆ ಬಿಟ್ಟೆ ಮಾರಾಯ್ರೇ!"

"ಕಳ್ಳರೆಲ್ಲ ಎಣ್ಣೆ ಅಂತಾನೇ ಹೇಳೋದು."

ಪಕ್ಕದ ಮನೆಯ ರಿಟೈರ್ಡ್ ಕಂಡಕ್ಟರ್ ಕೈಯೂ ಘಮ್ಮೆಂದಿತು. ಅವರ ಬೋಳುತಲೆಯೂ ಘಮ್ಮೆಂದಿತು. ಅವರ ನಾಯಿಯನ್ನೂ ಮೂಸದೆ ಬಿಡಲಿಲ್ಲ.

"ಇಡೀ ಬೀದಿನೇ ಸೇರ್ಕೊಂಡು ಮಾಡಿರೋ ಕೆಲಸ!" ಎಂದು ಗುಮಾಸ್ತ ಕೂಗಿದ. ಬೀದಿಯೇನೋ ಸೇರಿತು. ಒಬ್ಬೊಬ್ಬರನ್ನೂ ಮೂಸಿದ. ಎಲ್ಲರೂ ಕಳ್ಳರೇ.

ಮೂಲೆಮನೆ ಅಜ್ಜಿಗೆ ರೇಗಿತು. "ಇಲ್ಲಿ ಬಾರಪ್ಪ, ನಿನ್ನನ್ನೂ ಒಂದ್ಸಲ ಮೂಸ್ತೀನಿ." ಮೂಸಿದವರೇ ಕೋಟಿನ ಒಳಜೇಬಿಗೆ ಕೈ ಹಾಕಿ ಎಳೆದರು. ಬಟ್ಟೆಯಲ್ಲಿ ಕಟ್ಟಿದ ನೇರಳೆ ಹೂವಿನ ಗಂಟು!

"ಟಿಕೆಟ್ ಇಲ್ದೆ ಸಿಕ್ಕಿಬಿದ್ದ!" ಎಂದರು ಕಂಡಕ್ಟರ್.

ಹೆಂಡತಿ ಓಡಿಬಂದಳು. "ಅಯ್ಯೋ, ನಾನೇ ಇಟ್ಟಿದ್ದು ರೀ. ಹೂ ಅರಳಿದ್ಮೇಲೆ ಕಡ್ಡಿ ಕತ್ತರಿಸ್ಬೇಕು, ಇಲ್ಲಾಂದ್ರೆ ಗಿಡ ಸೌದೆ ಆಗೋಗುತ್ತೆ. ಕೋಟಿಗೆ ಹುಳ ಹಿಡೀದೇ ಇರ್ಲಿ ಅಂತ ಜೇಬಲ್ಲಿ ಹಾಕ್ದೆ. ಒಂದ್ಮಾತು ಕೇಳ್ಬಾರ್ದಿತ್ತಾ?"

ಅಜ್ಜಿ ಅಲ್ಲೇ ತೀರ್ಪು ಕೊಟ್ಟರು. "ಮೂಸಿಸ್ಕೊಂಡೋರಿಗೆಲ್ಲ ಇವನ ಕುಂಡದಿಂದ ಒಂದೊಂದು ಹಿಡಿ ಹೂವು. ನಾಯೀದು ಕಂಡಕ್ಟರ್‌ಗೇ ಸೇರಲಿ."

ಸಂಜೆ ತೀರ್ಪುಗಾರರು ಬಂದಾಗ ಗುಮಾಸ್ತನ ಕುಂಡದಲ್ಲಿ ಸವೆದ ಪೊರಕೆಯಂಥದ್ದೇನೋ ನಿಂತಿತ್ತು. ಪಕ್ಕದ ಅಂಗಳದಲ್ಲಿ ಕಂಡಕ್ಟರ್ ತಮ್ಮ ಪಾಲಿನ ಕಡ್ಡಿಗಳನ್ನೆಲ್ಲ ಖಾಲಿ ಕುಂಡಕ್ಕೆ ಚುಚ್ಚಿ ನಿಲ್ಲಿಸಿದ್ದರು. ಮೊದಲ ಬಹುಮಾನ ಅದಕ್ಕೇ.

"ಇಷ್ಟು ಚೆನ್ನಾಗಿ ಬೆಳೆಸಿದೀರಲ್ಲ, ಗುಟ್ಟೇನು?" ಎಂದು ತೀರ್ಪುಗಾರರು ಕೇಳಿದರು.

"ನೀರು ಕಮ್ಮಿ, ಬಿಸಿಲು ಜಾಸ್ತಿ, ಪಕ್ಕದ ಮನೇಲೊಂದು ಅನುಮಾನದ ಪ್ರಾಣಿ."

"ಮೋಸ! ಆ ಹೂವು ನಂದು!" ಎಂದು ಗುಮಾಸ್ತ ಅರಚಿದ.

ಬೀದಿಯವರೆಲ್ಲ ಒಟ್ಟಿಗೆ ತಂತಮ್ಮ ಕೈಗಳನ್ನು ಅವನ ಮೂಗಿನ ಹತ್ತಿರ ಚಾಚಿದರು.